ಎರಡಂಗುಲದ ಡೊಂಕು

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವವನ ಸಾಮ್ಯವನ್ನು ನೀವು ಓದಿದ್ದೀರಿ. ಲೆಕ್ಕ ನೋಡದೆ ಕಟ್ಟುವವರಿಗೆ ಏನಾಗುವದೆಂಬದಕ್ಕೆ ಕೆನಡಾ ದೇಶದಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿರಿ.

ಆ ದೇಶದ ಕ್ವಿಬೆಕ್ ಪಟ್ಟಣದ ಬಳಿಯಲ್ಲಿ ಸೇಂಟ್ ಲಾರೆನ್ಸ್ ಎಂಬ ಮಹಾನದಿಯ ಮೇಲೆ ರೈಲುಗಾಡಿಗಳಿಗಾಗಿ ಉಕ್ಕಿನ ಸೇತುವೆಯನ್ನು ಕಟ್ಟುತ್ತಿದ್ದರು. ಎರಡು ದೊಡ್ಡ ಕಂಬಗಳ ನಡುವಣ ದೂರವನ್ನು ಮೊದಲು 1600 ಅಡಿ ಎಂದು ಯೋಚಿಸಿ, ಆಮೇಲೆ 1800 ಅಡಿಗೆ ಹೆಚ್ಚಿಸಿದರು. ಆದರೆ ಹೆಚ್ಚಿದ ಭಾರವನ್ನು ಸಕಾಲದಲ್ಲಿ ತಿರಿಗಿ ಲೆಕ್ಕಿಸಲಿಲ್ಲ.

1907ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಕೆಳಗಣ ಒಂದು ತೊಲೆಯು ಡೊಂಕಾಗಿರುವದು ಕಂಡುಬಂತು. ಮುಕ್ಕಾಲು ಅಂಗುಲವಿದ್ದ ಡೊಂಕು ಕೆಲವೇ ದಿನಗಳಲ್ಲಿ 2 ಅಂಗುಲಕ್ಕೆ ಮಿಕ್ಕಿತು. ಅದು ಮೊದಲಿನಿಂದಲೇ ಇದ್ದದ್ದೆಂದು ಕೆಲವರು ವಾದಿಸಿದರು. ಕಡೆಗೆ ಒಬ್ಬನು ನ್ಯೂಯಾರ್ಕಿಗೆ ಹೋಗಿ ಥಿಯೋಡರ್ ಕೂಪರ್ ಎಂಬ ಹಿರಿಯ ಇಂಜಿನಿಯರರಿಗೆ ತಿಳಿಸಲಾಗಿ, ಇನ್ನು ಭಾರ ಹೇರಬಾರದೆಂದು ಅವರು ತಂತಿ ಕಳುಹಿಸಿದರು. ಆದರೆ ಆ ತಂತಿಯು ಉಕ್ಕಿನ ಕಾರ್ಖಾನೆಯ ಊರಿಗೆ ಹೋಯಿತೇ ಹೊರತು ಸೇತುವೆಯ ಬಳಿಗೆ ಮುಟ್ಟಲಿಲ್ಲ. ಅದೇ ಆಗಸ್ಟ್ 29ರ ಸಾಯಂಕಾಲ, ಕೆಲಸ ಬಿಡುವದಕ್ಕೆ ಸ್ವಲ್ಪ ಮುಂಚೆ, ದಕ್ಷಿಣದ ಭಾಗವೆಲ್ಲಾ ಕುಸಿದುಬಿತ್ತು. 75 ಮಂದಿ ಸತ್ತರು. ಅವರಲ್ಲಿ 30ಕ್ಕೂ ಹೆಚ್ಚು ಮಂದಿ ಕಾನವಾಗೆ ಎಂಬ ಒಂದೇ ಊರಿನ ಮೋಹಾಕ್ ಜನರು.

ಪ್ರಿಯರೇ, ಡೊಂಕನ್ನು ಯಾರೂ ಕಾಣಲಿಲ್ಲವೋ? ಕಂಡರು, ಅಳೆದರು, ವಾದಿಸಿದರು. ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ನಾವು ಅವರಿಗಿಂತ ಉತ್ತಮರೋ? ಒಬ್ಬ ಸಹೋದರನು ಹೆಂಡದಂಗಡಿಯಲ್ಲಿ ಸಾಲ ಮಾಡುವದನ್ನು ಕಾಣುತ್ತೇವೆ. ಬಾವಿಯ ಕಟ್ಟೆಯಲ್ಲಿ ಹತ್ತು ಜನರಿಗೆ ಹೇಳುತ್ತೇವೆ. ಅವನ ಮನೆಗೆ ಹೋಗಿ ಅವನಿಗೆ ಪ್ರೀತಿಯಿಂದ ಹೇಳುವದಿಲ್ಲ. ಹೀಗೆ ನಮ್ಮ ತಂತಿಯೂ ಬೇರೆ ಊರಿಗೆ ಹೋಗುತ್ತದೆ. ಮನೆ ಬಿದ್ದ ದಿನ ಹಸಿಯುವವರು ಅವನ ಚಿಕ್ಕ ಮಕ್ಕಳು. ನಮ್ಮ ಸ್ವಂತ ಹೃದಯದ ಡೊಂಕನ್ನಾದರೋ ಮೊದಲಿನಿಂದಲೇ ಇದ್ದದ್ದೆಂದು ಸುಮ್ಮನಿರುತ್ತೇವೆ.

ಆ ಸೇತುವೆಯನ್ನು ಹೊಸ ಲೆಕ್ಕದಿಂದ ಮತ್ತಷ್ಟು ಬಲವಾಗಿ ತಿರಿಗಿ ಕಟ್ಟಿದರು. 1916ರಲ್ಲಿ ನಡುವಣ ಭಾಗವನ್ನು ಮೇಲಕ್ಕೆತ್ತುವಾಗ ಅದು ನದಿಗೆ ಬಿದ್ದು ಇನ್ನೂ 13 ಮಂದಿ ಸತ್ತರು. ಆದರೂ 1917ರಲ್ಲಿ ಕೆಲಸವು ಮುಗಿಯಿತು. ಇಂದಿಗೂ ಗಾಡಿಗಳು ದಾಟುತ್ತವೆ. ಬಿದ್ದದ್ದನ್ನು ತಿರಿಗಿ ಕಟ್ಟಬಹುದು, ಸತ್ತವರನ್ನು ಕರೆತರಲಾಗದು. ಆದದರಿಂದ ಇಂದೇ ಹೋಗಿ ಆ ಸಹೋದರನ ಬಾಗಿಲನ್ನು ತಟ್ಟಿರಿ. ಕಂಡದ್ದನ್ನು ತಡಮಾಡದೆ ತಿದ್ದಿಕೊಳ್ಳುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.