ನಡತೆಯನ್ನು ತಿದ್ದುವವರ ಅಧಿಕಾರ

ಮನುಷ್ಯನ ನಡತೆಯನ್ನು ತಿದ್ದಬಹುದೆಂಬ ನಂಬಿಕೆಯಿಂದಲೇ ಮನೆಯಲ್ಲಿ ತಾಯಿಯೂ, ಶಾಲೆಯಲ್ಲಿ ಗುರುವೂ, ರಾಜ್ಯದಲ್ಲಿ ನ್ಯಾಯಾಧೀಶನೂ ತಮ್ಮ ತಮ್ಮ ಕೆಲಸವನ್ನು ನಡೆಯಿಸುತ್ತಾರೆ. ಆದರೆ ತಿದ್ದುವವನಿಗೆ ಈ ಅಧಿಕಾರವು ಎಲ್ಲಿಂದ ಬಂತು, ಅದರ ಎಲ್ಲೆಯು ಯಾವದು ಎಂದು ಕೇಳಿಕೊಳ್ಳುವವರು ವಿರಳ. ತಿದ್ದಿಸಿಕೊಳ್ಳುವವನು ಮಾತು ಬಲ್ಲವನಾಗಿದ್ದರೆ ಅವನೇ ಒಮ್ಮೆ ಎದುರಾಡಿ ಈ ಪ್ರಶ್ನೆಯನ್ನು ನೆನಪಿಗೆ ತಂದಾನು. ಮಾತೇ ಬಾರದ ಮಗುವಾದರೆ ಪ್ರಶ್ನೆಯನ್ನೆತ್ತುವ ಹೊಣೆಯೂ ತಿದ್ದುವವನ ಮೇಲೆಯೇ ಬೀಳುವದು. ಅನ್ವಯಿಕ ವರ್ತನಾವಿಶ್ಲೇಷಣೆಯೆಂಬ ಶಾಸ್ತ್ರವನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸುವವರ ಹಾಗೂ ಅದರ ಅಭ್ಯಾಸಕ್ರಮವನ್ನು ನಡೆಸುವ ನಿರ್ದೇಶಕರ ಮುಂದಿರುವ ಮುಖ್ಯ ನೈತಿಕ ಪ್ರಶ್ನೆಯು ಇದೇ.

ಶಾಸ್ತ್ರದ ಮೂಲತತ್ತ್ವವು ಸರಳವಾದುದು. ಒಂದು ಕೃತಿಯ ಬೆನ್ನಿಗೆ ಬರುವ ಫಲವು ಆ ಕೃತಿಯನ್ನು ಬಲಪಡಿಸುವದು, ಇಲ್ಲವೆ ಕುಂದಿಸುವದು. ಅಮೇರಿಕೆಯ ಥಾರ್ನ್‌ಡೈಕನು 1898ರಲ್ಲಿ ಪೆಟ್ಟಿಗೆಯೊಳಗಿನ ಬೆಕ್ಕುಗಳು ಅಗುಳಿ ತೆಗೆದು ಹೊರಬರುವ ಬಗೆಯನ್ನು ಪರೀಕ್ಷಿಸಿ ಇದನ್ನು ತೋರಿಸಿದನು. ಸ್ಕಿನ್ನರನು (1904–1990) ಇದನ್ನು ಒಂದು ಸಮಗ್ರ ಶಾಸ್ತ್ರವಾಗಿ ಬೆಳೆಯಿಸಿದನು. 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಎಂಬ ಮೂವರು ವಿದ್ವಾಂಸರು ಒಂದು ಪ್ರಬಂಧವನ್ನು ಬರೆದು, ‘ಅನ್ವಯಿಕ’ವೆನ್ನಿಸಿಕೊಳ್ಳಬೇಕಾದ ಕೆಲಸವು ಮನುಷ್ಯನಿಗೂ ಸಮಾಜಕ್ಕೂ ಮಹತ್ವದ್ದಾದ ನಡತೆಯನ್ನೇ ಕೈಕೊಳ್ಳಬೇಕೆಂದು ಗೊತ್ತುಪಡಿಸಿದರು. ಕನ್ನಡನಾಡಿಗೂ ಮನಶ್ಶಾಸ್ತ್ರವು ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಅದರ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರದು. ನಡತೆಯ ಚಿಕಿತ್ಸೆಯು ಇಂಥ ಸಂಸ್ಥೆಗಳಲ್ಲಿ ಮನಶ್ಶಾಸ್ತ್ರ, ವಿಶೇಷ ಶಿಕ್ಷಣ, ವಾಕ್ ಚಿಕಿತ್ಸೆಗಳ ಅಂಗವಾಗಿ ಕಲಿಸಲ್ಪಡುತ್ತ ಬಂದಿದೆ.

ತತ್ತ್ವವು ಸರಳವಾದರೂ ಅದರ ಪ್ರಯೋಗವು ಹಾಗಲ್ಲ. ಸಿಂದಗಿಯ ಕಡೆಯ ಒಂದು ಒಕ್ಕಲು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆರು ವರುಷದ ಹುಡುಗ. ಇನ್ನೂ ಮಾತು ಬಂದಿಲ್ಲ. ದಿನಾಲು ಬೆಳಿಗ್ಗೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಅಜ್ಜಿಯು ಓಡಿಬಂದು ಬಾಯಿಗೆ ಬೆಲ್ಲದ ಚೂರು ಹಾಕುತ್ತಾಳೆ. ಹೊಲಕ್ಕೆ ಹೊರಟ ತಂದೆಯು ಎರಡು ಏಟು ಕೊಡುತ್ತಾನೆ. ನೆರೆಯವರು ದೇವರ ಮುನಿಸೆನ್ನುತ್ತಾರೆ. ಶಾಸ್ತ್ರವನ್ನು ಬಲ್ಲವನು ಈ ಮನೆಗೆ ಬಂದರೆ, ಹುಡುಗನಿಗೆ ಕಿವಿ ಹಲ್ಲುಗಳ ನೋವಿಲ್ಲವೆಂಬದನ್ನು ವೈದ್ಯರಿಂದ ಖಚಿತಪಡಿಸಿಕೊಂಡು, ಮೊದಲು ಸುಮ್ಮನೆ ಕುಳಿತು ನೋಡುತ್ತಾನೆ. ಚಚ್ಚಿಕೊಳ್ಳುವ ಮುನ್ನ ಏನಾಯಿತು, ಅನಂತರ ಏನಾಯಿತು ಎಂದು ಏಳೆಂಟು ದಿನ ಬರೆದಿಡುತ್ತಾನೆ. ಆಗ ತೋರಿಬರುವದೇನೆಂದರೆ, ತಾಯಿಯು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯತೊಡಗಿದ ಕೂಡಲೆ ಹುಡುಗನು ಗೋಡೆಯ ಕಡೆಗೆ ಹೋಗುತ್ತಾನೆ. ಅವನ ಸಲುವಾಗಿ ತಾಯಿಯು ಕೆಲಸ ಬಿಟ್ಟೇಳಲು ಸಪ್ಪಳವು ನಿಲ್ಲುತ್ತದೆ, ಅವನೂ ನಿಲ್ಲುತ್ತಾನೆ. ಉಳಿದವರಿಗೆ ಹಸಿವೆಯನ್ನು ಸಮಾಧಾನಪಡಿಸುವ ಆ ಸಪ್ಪಳವು ಅವನ ಕಿವಿಗೆ ಸಹಿಸಲಾರದ್ದು. ಗೋಡೆಗೆ ಹಣೆ ಚಚ್ಚುವದೇ ಅವನಿಗೆ ತಿಳಿದಿದ್ದ ಒಂದೇ ಭಾಷೆ.

ಈ ದೃಷ್ಟಾಂತದಲ್ಲಿ ತಿದ್ದುವವರು ಮನಗಾಣತಕ್ಕ ಇನ್ನೊಂದು ಸಂಗತಿಯುಂಟು. ತಂದೆಯ ಏಟಿನಿಂದ ಹುಡುಗನು ಒಂದು ಗಳಿಗೆ ಸ್ತಬ್ಧನಾಗುತ್ತಾನೆ. ಆ ಒಂದು ಗಳಿಗೆಯ ಮೌನವೇ ತಂದೆಯ ಕೈಗೆ ದೊರೆತ ಬಹುಮಾನವು. ನಾಳೆ ಆ ಕೈಯು ಇನ್ನೂ ಬೇಗ ಏಳುವದು. ಬೆಲ್ಲವು ಹುಡುಗನನ್ನು ಕಲಿಸಿದಂತೆ ಮೌನವು ತಂದೆಯನ್ನು ಕಲಿಸುತ್ತದೆ. ದಂಡನೆಯು ನಿಷ್ಫಲವಾಗಿದ್ದರೂ ಮನೆಮನೆಗಳಲ್ಲಿ ಶಾಲೆಶಾಲೆಗಳಲ್ಲಿ ಉಳಿದು ಬಂದುದಕ್ಕೆ ಇದೊಂದು ಮುಖ್ಯ ಕಾರಣವು: ಅದು ದಂಡಿಸುವವನಿಗೆ ಕೂಡಲೆ ಫಲ ಕೊಡುತ್ತದೆ. ಹಾಗಾದರೆ ಪರಿಹಾರವೇನು? ಕಾರ್ ಮತ್ತು ಡ್ಯೂರಂಡ್ ಎಂಬವರು 1985ರಲ್ಲಿ ಪ್ರಕಟಿಸಿದ ಪ್ರಯೋಗವು ದಾರಿಯನ್ನು ತೋರಿಸಿತು. ಕೆಟ್ಟದೆನ್ನಿಸಿದ ನಡತೆಯಿಂದ ಮಗುವು ಏನನ್ನು ಪಡೆಯುತ್ತಿತ್ತೋ ಅದನ್ನೇ ಒಳ್ಳೆಯ ರೀತಿಯಲ್ಲಿ ಕೇಳಲು ಕಲಿಸಿದರೆ ಹಳೆಯ ನಡತೆಯು ಇಳಿಯುವದು. ಸಿಂದಗಿಯ ಹುಡುಗನಿಗೆ ಅಂಗೈಯನ್ನು ಎತ್ತಿ ತೋರಿಸಲು ಕಲಿಸಬೇಕು. ಎತ್ತಿದ ಕೂಡಲೆ ಅವನನ್ನು ಪಡಸಾಲೆಗೆ ಕರೆದೊಯ್ಯಬೇಕು. ಅಂದರೆ ಅವನಿಗೆ ಕಲಿಸತಕ್ಕ ಮೊದಲನೆಯ ಪಾಠವು ‘ಬೇಡ’ ಎಂಬುದು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಹುಟ್ಟುವದು. ಬಹುಮಾನ ಕೊಟ್ಟು ನಡತೆಯನ್ನು ಬೆಳೆಯಿಸುವದು ಲಂಚ ಕೊಟ್ಟಂತಲ್ಲವೆ? ಸದ್ಗುಣವನ್ನು ಅದರ ಸಲುವಾಗಿಯೇ ಪ್ರೀತಿಸಬೇಕೆಂದು ಹಿರಿಯರು ಹೇಳಿಲ್ಲವೆ? ಆಕ್ಷೇಪದಲ್ಲಿ ಸತ್ಯಾಂಶವಿದೆ, ಬೆಲ್ಲದ ಆಸೆಗೇ ನಿಂತುಹೋದ ನಡತೆಯು ಬೆಲ್ಲ ಮುಗಿದ ದಿನ ಮುಗಿಯುವದು. ಆದರೆ ಲಂಚವೆಂಬದು ಕೊಡುವವನ ಹಿತಕ್ಕಾಗಿ ಕೊಟ್ಟದ್ದು. ಮಗುವಿನ ಹಿತಕ್ಕಾಗಿ ಕೊಟ್ಟು, ಕ್ರಮೇಣ ಅದನ್ನು ಹಿಂದೆಗೆದು, ಆಡುವ ಆನಂದ, ಕೇಳಿದ್ದು ದೊರೆಯುವ ಸಮಾಧಾನ, ಒಡನಾಡಿಗಳ ಸ್ನೇಹ ಇವುಗಳಿಗೆ ಅದರ ಸ್ಥಾನವನ್ನು ಒಪ್ಪಿಸಿಕೊಡುವದು ಶಿಕ್ಷಣವು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಭೇದವಿರುವದು ಯಾರ ಹಿತಕ್ಕಾಗಿ ಎಂಬಲ್ಲಿ.

ಹಾಗೆಂದಮೇಲೆ ಹಿತವನ್ನು ನಿರ್ಣಯಿಸುವವರು ಯಾರು? ಶಾಸ್ತ್ರದ ಸ್ವಂತ ಇತಿಹಾಸವೇ ಇಲ್ಲಿ ಎಚ್ಚರಿಕೆಯನ್ನು ಕೊಡುತ್ತದೆ. ಲೋವಾಸ್ ಎಂಬ ಪಂಡಿತನು 1987ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಟಿಸಂ ಎಂದು ಕರೆಯಲ್ಪಡುವ ಸ್ವಲೀನತೆಯುಳ್ಳ 19 ಮಕ್ಕಳಿಗೆ ವಾರಕ್ಕೆ 40 ತಾಸು ಕಲಿಸಲು 9 ಮಕ್ಕಳು ಸಾಮಾನ್ಯ ಶಾಲೆಯ ಮೊದಲ ತರಗತಿಯನ್ನು ಮುಗಿಸಿದರೆಂದಿತ್ತು. ಲೋಕವು ಬೆರಗಾಯಿತು, ಆದರೆ ಆ ಪದ್ಧತಿಯಲ್ಲಿ ಗದರಿಸುವದೂ ತೊಡೆಗೆ ಹೊಡೆಯುವದೂ ಸೇರಿದ್ದವೆಂಬದನ್ನು ಬಹಳ ಮಂದಿ ಗಮನಿಸಲಿಲ್ಲ. ಇದಕ್ಕೂ ಮೊದಲು 1974ರಲ್ಲಿ ಅದೇ ಪಂಡಿತನೂ ರೆಕರ್ಸ್ ಎಂಬವನೂ, ಹೆಣ್ಣುಮಕ್ಕಳಂತೆ ಆಡುತ್ತಿದ್ದ ಒಬ್ಬ ಚಿಕ್ಕ ಹುಡುಗನ ಆಟಪಾಟಗಳನ್ನು ‘ಗಂಡಸಿಗೆ ತಕ್ಕಂತೆ’ ತಿದ್ದಿದೆವೆಂದು ಬರೆದಿದ್ದರು. ಆ ಹುಡುಗನಿಂದ ಯಾರಿಗೂ ಕೇಡಾಗುತ್ತಿರಲಿಲ್ಲ. ಎಣಿಕೆಗಳೆಲ್ಲ ಸರಿಯಾಗಿದ್ದವು, ಉದ್ದೇಶವೇ ತಪ್ಪಾಗಿತ್ತು. ಆ ಲೇಖನವನ್ನು ಕುರಿತು ಪತ್ರಿಕೆಯ ಪ್ರಕಾಶಕ ಸಂಘವು ತನ್ನ ಕಳವಳವನ್ನು ಬಹಿರಂಗವಾಗಿ ಪ್ರಕಟಿಸಿದ್ದು 2020ರಲ್ಲಿ, ಎಂದರೆ 46 ವರುಷಗಳ ಅನಂತರ. ಬಾಲ್ಯದಲ್ಲಿ ಇಂಥ ಚಿಕಿತ್ಸೆಗೆ ಒಳಗಾಗಿ ಈಗ ಬೆಳೆದು ದೊಡ್ಡವರಾದ ಸ್ವಲೀನರಲ್ಲಿ ಅನೇಕರು, ತಮ್ಮ ಕೈಯಾಡಿಸುವಿಕೆಯಂಥ ನಿರುಪದ್ರವಿ ಚರ್ಯೆಗಳನ್ನು ನೋಡುವವರ ಸಂಕೋಚಕ್ಕಾಗಿ ಅಳಿಸಿಹಾಕಿದರೆಂದು ದೂರುತ್ತಾರೆ. ಮನೆಯ ಮರ್ಯಾದೆಯ ಸಲುವಾಗಿ ಮಗುವನ್ನು ಬಾಗಿಸುವ ಆಸೆಯು ವಿಜಯಪುರ ಜಿಲ್ಲೆಯ ಮನೆಗಳಿಗೂ ಅಪರಿಚಿತವಲ್ಲ. ಮದುವೆಯ ಮನೆಯಲ್ಲಿ ಅಂಥ ಮಗುವನ್ನು ಒಳಕೋಣೆಯಲ್ಲಿ ಕೂಡ್ರಿಸುವದನ್ನು ಯಾರು ಕಂಡಿಲ್ಲ?

ಆದುದರಿಂದ ಅಭ್ಯಾಸಕ್ರಮದ ನಿರ್ದೇಶಕನ ಕೆಲಸವು ಪಾಠಪಟ್ಟಿಯನ್ನು ಸಿದ್ಧಪಡಿಸುವಲ್ಲಿಗೆ ಮುಗಿಯದು. ಇಪ್ಪತ್ತೆರಡು ವರುಷದ ತರುಣ ತರುಣಿಯರ ಕೈಯಲ್ಲಿ ಅವನು ಇನ್ನೊಬ್ಬರ ನಡತೆಯನ್ನು ಬದಲಿಸುವ ಶಕ್ತಿಯನ್ನು ಇಡುತ್ತಾನೆ. ಶಕ್ತಿಯು ಎರಡು ವರುಷದಲ್ಲಿ ಬರುತ್ತದೆ. ವಿವೇಕಕ್ಕೆ ಅಂಥ ಅವಧಿಯ ಕಟ್ಟಳೆಯಿಲ್ಲ. ಅಲ್ಲದೆ ನಿರ್ದೇಶಕನ ಕೈಯಲ್ಲಿಯೂ ಅಂಕ, ಪ್ರಶಂಸೆ, ಪ್ರಮಾಣಪತ್ರಗಳೆಂಬ ಬೆಲ್ಲವೂ ಬೆತ್ತವೂ ಇವೆ. ಅವನು ವಿದ್ಯಾರ್ಥಿಗಳನ್ನು ಅಂಜಿಸಿ ಆಳಿದರೆ ಅವರು ಆ ಅಂಜಿಕೆಯನ್ನೇ ಮಗುವಿನ ಬಳಿಗೆ ಒಯ್ಯುವರು; ಅವನೆದುರು ‘ಇದು ತಪ್ಪು’ ಎನ್ನಲಾರದ ವಿದ್ಯಾರ್ಥಿಯು ಮಗುವಿನ ‘ಬೇಡ’ವನ್ನು ಗೌರವಿಸಲಾರನು. ಮಗುವು ಕಲಿಯದಿದ್ದರೆ ಕುಂದು ಮಗುವಿನದಲ್ಲ, ಕಲಿಸಿದ ರೀತಿಯದು ಎಂಬದು ಈ ಶಾಸ್ತ್ರದ ಅತ್ಯಂತ ಉದಾರವಾದ ಸೂತ್ರವು. ಅದನ್ನು ಮಕ್ಕಳಿಗೆ ಅನ್ವಯಿಸಿ ತನ್ನ ವರ್ಗದಲ್ಲಿ ನಪಾಸಾದವರಿಗೆ ಅನ್ವಯಿಸದ ಗುರುವು ಶಾಸ್ತ್ರವನ್ನು ಅರ್ಧವೇ ಬಲ್ಲವನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತಾಯಿತಂದೆಗಳಿಗೆ ಈ ಚರ್ಚೆಯು ದೂರದ್ದೆನಿಸಬಹುದು. ಬೆಂಗಳೂರು, ಮೈಸೂರುಗಳ ಸಂಸ್ಥೆಗಳು ಅವರಿಗೆ ಬಹು ದೂರದಲ್ಲಿವೆ. ಕೂಲಿಯ ಮನೆಯವರಿಗೆ ಆ ಪ್ರಯಾಣವೆಂದರೆ ವಾರದ ಗಳಿಕೆಯ ಹಾನಿ. ಮಳೆ ತಪ್ಪಿದ ವರುಷ ತಂದೆತಾಯಿಗಳು ಗೋವೆಗೋ ಪುಣೆಗೋ ದುಡಿಯಲು ಹೋದರೆ ಮಗುವು ಅಜ್ಜಿಯ ಪಾಲಿಗೆ ಉಳಿಯುತ್ತದೆ. ಹೀಗಿರುವಲ್ಲಿ ವಾರಕ್ಕೆ 40 ತಾಸಿನ ಮಾತು ಇಲ್ಲಿ ಸಲ್ಲದು. ಅಜ್ಜಿಗೆ, ಅಂಗನವಾಡಿಯ ಕಾರ್ಯಕರ್ತೆಗೆ, ಸಮನ್ವಯ ಶಿಕ್ಷಣದ ಶಿಕ್ಷಕರಿಗೆ ಕಲಿಸಬಲ್ಲ ವಿದ್ಯೆಯೇ ಸಲ್ಲುವದು. ಭಾಷೆಯ ಮಾತೂ ಇದೆ. ಪುಸ್ತಕವನ್ನು ನೋಡಿ ‘ಬೇಡ’ವೆಂದು ಕಲಿಸಿದರೆ ‘ಬ್ಯಾಡ’ವೆನ್ನುವ ಮನೆಯಲ್ಲಿ ಮಗುವು ಪರಕೀಯವಾಗುವದು, ಇಂಡಿಯ ಗಡಿಯ ಊರುಗಳಲ್ಲಿ ಮರಾಠಿಯನ್ನೂ ಲೆಕ್ಕಿಸಬೇಕು. ಊಟದ ಚಿತ್ರಪಟದಲ್ಲಿ ಬ್ರೆಡ್ಡು ಚಮಚಗಳಿದ್ದರೆ ರೊಟ್ಟಿ ಪುಂಡಿಪಲ್ಲೆಗಳ ಮಗುವಿಗೆ ಅದರಿಂದೇನು? ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತ ಮಹಿಳಾ ವಿಶ್ವವಿದ್ಯಾಲಯವಿದೆ. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವಿದೆ. ಈ ವಿದ್ಯೆಯು ಇಲ್ಲಿಯ ಮಾತಿನಲ್ಲಿ ಬೇರೂರಬೇಕಾದರೆ ಇಂಥ ಸ್ಥಳಗಳಲ್ಲಿಯೇ ಊರಬೇಕು.

ಕಾನೂನು ತನ್ನ ಪಾಲಿನದನ್ನು ಹೇಳಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ವಲೀನತೆಯನ್ನು ಸೇರಿಸಿತು. ಆದರೆ ಕಾನೂನು ಬೆತ್ತವನ್ನು ಕಸಿದುಕೊಳ್ಳಬಲ್ಲುದೇ ಹೊರತು, ಹಣೆ ಚಚ್ಚಿಕೊಳ್ಳುವ ಹುಡುಗನ ಅರ್ಥವನ್ನು ತಿಳಿಸಿಕೊಡಲಾರದು. ಅದಕ್ಕೆ ಗುರುವೇ ಬೇಕು.

ಬಸವನ ಬಾಗೇವಾಡಿಯು ಯಾರ ಹೆಸರಿನಿಂದ ಪ್ರಸಿದ್ಧವಾಗಿದೆಯೋ ಅವರ ಬಾಲ್ಯವನ್ನು ಕುರಿತ ಪ್ರತೀತಿಯನ್ನು ಈ ಸೀಮೆಯ ಮಕ್ಕಳೆಲ್ಲರೂ ಕೇಳಿದ್ದಾರೆ. ಎಂಟು ವರುಷದ ಬಾಲಕನು ಹಿರಿಯರ ಮುಂದೆ ಉಪನಯನವನ್ನು ಒಲ್ಲೆನೆಂದನು. ಮನೆಯನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದನು. ಅಂದಿನ ಹಿರಿಯರ ಕಣ್ಣಿಗೆ ಅದು ತಿದ್ದಬೇಕಾದ ನಡತೆಯೇ ಆಗಿದ್ದಿತು. ಆ ಬಾಲಕನ ‘ಒಲ್ಲೆ’ಯನ್ನು ಒಂಬತ್ತು ಶತಮಾನಗಳಿಂದ ಕೊಂಡಾಡುತ್ತ ಬಂದ ನಾಡು, ತನ್ನ ಮಾತು ಬಾರದ ಮಕ್ಕಳು ಎತ್ತಿದ ಅಂಗೈಯನ್ನು ಕಾಣದೆ ಹೋಗಬಾರದು. ಈ ವಿದ್ಯೆಯಲ್ಲಿ ಪ್ರಮಾಣಪತ್ರವನ್ನು ಕೊಡುವ ಮುನ್ನ ನಿರ್ದೇಶಕನು ಪ್ರತಿಯೊಬ್ಬ ವಿದ್ಯಾರ್ಥಿಗೂ, ನೀನು ಎಷ್ಟು ಮಕ್ಕಳನ್ನು ಸುಮ್ಮನಾಗಿಸಿದಿ ಎಂದು ಕೇಳುವ ಬದಲು, ಎಷ್ಟು ಮಕ್ಕಳಿಗೆ ‘ಬೇಡ’ವೆನ್ನಲು ಕಲಿಸಿದಿ, ಅವರು ನಿನಗೇ ಹಾಗೆಂದಾಗ ಏನು ಮಾಡಿದಿ ಎಂದು ಕೇಳತಕ್ಕದ್ದು.