ವಿಳಾಸ ಕೇಳುವವರು ಯಾರು?

ಹಳ್ಳಿಯಲ್ಲಿ ವಿಳಾಸ ಎಂದೂ ಗುಟ್ಟಾಗಿರಲಿಲ್ಲ. ಕುಣಿಗಲ್ ತಾಲೂಕಿನ ಕೊತ್ತಗೆರೆಯಂತಹ ಊರಿಗೆ ಹೊಸಬನೊಬ್ಬ ಬಂದು ಇಂಥವರ ಮನೆ ಎಲ್ಲಿ ಎಂದು ಕೇಳಿದರೆ ಬಾಗಿಲ ತನಕ ಕರೆದುಕೊಂಡು ಹೋಗಿ ಬಿಡುವವರು ಸಿಗುತ್ತಾರೆ. ಆದರೆ ಅದಕ್ಕೆ ಮೊದಲು ಅವನು ಎರಡು ಮೂರು ಪ್ರಶ್ನೆ ದಾಟಬೇಕು. "ಯಾವೂರಪ್ಪ ನಿಮ್ದು? ಅವ್ರು ನಿಮಗೇನಾಗ್ಬೇಕು? ಏನ್ ವಿಷ್ಯ?" ಉತ್ತರ ಸರಿಬರದಿದ್ದರೆ, ಕೇಳಿದ ಮನೆ ಎದುರಿಗೇ ಇದ್ದರೂ "ನಮಗ್ ಗೊತ್ತಿಲ್ಲ" ಎಂಬ ಮಾತೂ ಬರುತ್ತದೆ. ಇನ್ನೊಬ್ಬರ ವಿಳಾಸ ಬೇಕಾದವನು ಮೊದಲು ತನ್ನ ವಿಳಾಸ ಹೇಳಬೇಕು. ಯಾರೂ ಬರೆದಿಡದ, ಎಲ್ಲರೂ ಪಾಲಿಸುತ್ತಿದ್ದ ಕಾನೂನು ಇದು.

ಮಾಹಿತಿ ಅಂತರ್ಜಾಲಕ್ಕೆ ಹೋದಾಗ ಬಿಟ್ಟುಹೋದದ್ದು ಈ ಕಾನೂನೇ. ಖಾಸಗಿತನದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಯಾವುದನ್ನು ಮುಚ್ಚಿಡಬೇಕು ಎಂದು ಕೇಳುತ್ತೇವೆ. ನೋಡುತ್ತಿರುವವರು ಯಾರು ಎಂದು ಕೇಳುವುದಿಲ್ಲ.

ನಮ್ಮ ಪಹಣಿಯನ್ನೇ ತೆಗೆದುಕೊಳ್ಳೋಣ. ಭೂಮಿ ಯೋಜನೆಯ ಜಾಲತಾಣದಲ್ಲಿ ಜಿಲ್ಲೆ ತುಮಕೂರು, ತಾಲೂಕು ಕುಣಿಗಲ್, ಹೋಬಳಿ ಕೊತ್ತಗೆರೆ ಎಂದು ಆರಿಸಿ, ಗ್ರಾಮ ಮತ್ತು ಸರ್ವೆ ನಂಬರು ಕೊಟ್ಟರೆ ಸಾಕು. ಜಮೀನು ಯಾರದ್ದು, ಅವರ ತಂದೆ ಯಾರು, ಎಷ್ಟು ಎಕರೆ ಎಷ್ಟು ಗುಂಟೆ, ಹೇಗೆ ಬಂದದ್ದು, ಎಲ್ಲವೂ ತೆರೆದುಕೊಳ್ಳುತ್ತವೆ. ಋಣಗಳ ಕಾಲಂನಲ್ಲಿ ಬ್ಯಾಂಕಿಗೆ ಆಧಾರ ಮಾಡಿದ ಸಾಲವೂ ಇರುತ್ತದೆ. ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಅದಕ್ಕೂ ಸರಕಾರದ್ದೇ ದಿಶಾಂಕ್ ಆ್ಯಪ್ ಇದೆ. ಹೊಲದ ಬದುವಿನ ಮೇಲೆ ನಿಂತರೆ ನಂಬರು ತೋರಿಸುತ್ತದೆ. ಹಳ್ಳಿಯಲ್ಲಿ ಹೆಸರು, ತಂದೆಯ ಹೆಸರು, ಊರು ಸೇರಿದರೆ ಅದೇ ಪೂರ್ತಿ ವಿಳಾಸ. ಅಂಚೆಯವನಿಗೂ ಅದಕ್ಕಿಂತ ಹೆಚ್ಚು ಬೇಡ.

ಇದನ್ನು ಮುಚ್ಚಿಬಿಡಿ ಎಂದು ಹೇಳುವುದು ಸುಲಭ. ಆದರೆ ಮುಚ್ಚಿದ್ದ ಕಾಲವನ್ನೂ ನೆನೆಯಬೇಕು. ಭೂಮಿ ಬರುವ ಮೊದಲು ಪಹಣಿ ಇದ್ದದ್ದು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ. ತನ್ನದೇ ಹೊಲದ ಕಾಗದಕ್ಕೆ ರೈತ ಕೈ ಬೆಚ್ಚಗೆ ಮಾಡಬೇಕಿತ್ತು. ಅಕ್ಷರ ಬಾರದ ವಿಧವೆಯ ಹೆಸರಿನ ಜಾಗದಲ್ಲಿ ಮೈದುನನ ಹೆಸರು ಬಂದು ಕೂತರೆ ತಿಳಿಯಲು ದಾರಿ ಇರಲಿಲ್ಲ. 2000ದ ದಶಕದ ಆರಂಭದಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಸಿಗುವಂತಾದವು. ಬಡವನಿಗೆ ಇದರಿಂದ ಉಪಕಾರವಾಗಲಿಲ್ಲ ಎಂದರೆ ಅದು ಸುಳ್ಳು.

ಆದರೆ ತೆರೆದ ಬಾಗಿಲಲ್ಲಿ ಒಳಗೆ ಬಂದವನು ರೈತನೊಬ್ಬನೇ ಅಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ, ಭೂಮಿ ಯೋಜನೆಯಿಂದ ಸಣ್ಣ ಹಿಡುವಳಿದಾರನಿಗಿಂತ ದೊಡ್ಡ ಭೂ ವ್ಯವಹಾರಸ್ಥರಿಗೆ ಅನುಕೂಲವಾಯಿತೆಂದು ವಾದಿಸಿದ್ದರು. ಕುಣಿಗಲ್ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು, ಹೆದ್ದಾರಿಯ ಮೇಲಿನ ಊರು. ಯಾವ ಹೊಲದ ಮೇಲೆ ಸಾಲವಿದೆ, ಯಾವ ಹೊಲ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದೆ ಎಂದು ನಗರದಲ್ಲೇ ಕುಳಿತು ನೋಡಿಕೊಂಡ ದಲ್ಲಾಳಿ ಯಾರ ಬಾಗಿಲು ಮೊದಲು ತಟ್ಟುತ್ತಾನೆ? ಅವನಿಗೆ ರೈತನ ಕಷ್ಟ ಗೊತ್ತು, ರೈತನಿಗೆ ಅವನ ಹೆಸರೂ ಗೊತ್ತಿಲ್ಲ. ವ್ಯಾಪಾರ ಶುರುವಾಗುವ ಮೊದಲೇ ಒಂದು ಕಡೆ ಸೋತಿರುತ್ತದೆ.

ಭೂಮಿ ಹೋಗಲಿ, ಜೀವದ ಮಾತಿಗೆ ಬರೋಣ. 1984ರಲ್ಲಿ ದಿಲ್ಲಿಯಲ್ಲಿ ಸಿಕ್ಖರ ಮನೆ ಹುಡುಕಲು ಮತದಾರರ ಪಟ್ಟಿಗಳು ಬಳಕೆಯಾದವು. 2002ರಲ್ಲಿ ಗುಜರಾತಿನಲ್ಲಿ ದಾಳಿಕೋರರ ಕೈಯಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ವಿಳಾಸವಿದ್ದ ಕಂಪ್ಯೂಟರ್ ಮುದ್ರಿತ ಪಟ್ಟಿಗಳಿದ್ದವೆಂದು ಹ್ಯೂಮನ್ ರೈಟ್ಸ್ ವಾಚ್ ಅದೇ ವರ್ಷದ ವರದಿಯಲ್ಲಿ ದಾಖಲಿಸಿದೆ. ಇದು ಒಂದು ದೇಶದ, ಒಂದು ಸಮುದಾಯದ ಕತೆಯಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಶಾಂತಿಯ ಕಾಲದ ಆಡಳಿತಕ್ಕೆಂದು ಅಚ್ಚುಕಟ್ಟಾಗಿ ಇಟ್ಟಿದ್ದ ನಿವಾಸಿಗಳ ದಾಖಲೆ ನಾಜಿಗಳ ಕೈಗೆ ಸಿಕ್ಕಿ ಯಹೂದಿಯರ ಬೇಟೆಗೆ ಒದಗಿತು. 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡಾಮಿನ ಕೆಲವು ದೇಶಪ್ರೇಮಿಗಳು ತಮ್ಮದೇ ನಗರದ ದಾಖಲೆ ಕಚೇರಿಗೆ ಬೆಂಕಿ ಇಡಬೇಕಾಯಿತು. ಪಟ್ಟಿ ಮಾಡಿದವರ ಉದ್ದೇಶ ಒಳ್ಳೆಯದೇ ಆಗಿತ್ತು.

ಹಾಗೆಂದು ಪಟ್ಟಿಯೇ ಬೇಡವೆನ್ನಲು ಅಲ್ಪಸಂಖ್ಯಾತರಿಗೆ ಸಾಧ್ಯವಿಲ್ಲ ಎಂಬುದು ಇಲ್ಲಿನ ನಿಜವಾದ ಬಿಕ್ಕಟ್ಟು. ಚುನಾವಣಾ ಆಯೋಗ 2018ರಲ್ಲಿ ಮತದಾರರ ಪಟ್ಟಿಯನ್ನು ಅಕ್ಷರ ಹುಡುಕಲು ಬಾರದ ಚಿತ್ರರೂಪಕ್ಕೆ ತಂದಿತು. ಹುಡುಕಲು ಬರುವ ಪಟ್ಟಿ ಬೇಕೆಂಬ ಬೇಡಿಕೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರ ಆಗಸ್ಟ್ 14ರಂದು, ಬಿಹಾರದ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 65 ಲಕ್ಷ ಹೆಸರುಗಳನ್ನು ಗುರುತು ಚೀಟಿಯ ಸಂಖ್ಯೆಯಿಂದ ಹುಡುಕಲು ಬರುವಂತೆ ಪ್ರಕಟಿಸಿ ಎಂದು ಅದೇ ನ್ಯಾಯಾಲಯ ಆದೇಶಿಸಿತು. ಎರಡೂ ಸರಿಯಿರಬಹುದು. ಹೆಸರು ಕಾಣಿಸಿದರೆ ಮನೆ ಸುಡುವ ಭಯ, ಕಾಣಿಸದಿದ್ದರೆ ಪೌರತ್ವವೇ ಅಳಿಯುವ ಭಯ. ಆದರೆ ಸಂಖ್ಯೆಯಿಂದ ಹುಡುಕುವುದರಲ್ಲಿ ಒಂದು ಸೂಕ್ಷ್ಮವಿದೆ: ಚೀಟಿ ಯಾರದ್ದೋ ಅವರಿಗೆ ತಮ್ಮ ಹೆಸರು ಸುಲಭವಾಗಿ ಸಿಗುತ್ತದೆ, ಬೀದಿಯ ಹೆಸರು ಹಿಡಿದು ಬಂದವನಿಗೆ ಅಷ್ಟು ಸುಲಭವಲ್ಲ.

ವಿಶೇಷ ವಿವಾಹ ಕಾಯ್ದೆಯ ನೋಟಿಸಿನದೂ ಇದೇ ಪಾಡು. ಕಚೇರಿಯ ಗೋಡೆಯ ಮೇಲಿದ್ದ ವಿಳಾಸ ಜಾಲತಾಣಕ್ಕೆ ಹೋದಾಗ ಅಂತರ್ಧರ್ಮೀಯ ಜೋಡಿಗಳ ಬೆನ್ನು ಹತ್ತುವವರಿಗೆ ಅದು ಸಿದ್ಧ ಪಟ್ಟಿಯಾಯಿತು. ಕೇರಳ ಸರಕಾರ 2020ರಲ್ಲಿ ಜಾಲತಾಣದ ಪ್ರಕಟಣೆಯನ್ನು ನಿಲ್ಲಿಸಿತು. ಇಂಥ ಮದುವೆಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಗುಂಪಿನ ಕೈಗೆ ವಿಳಾಸ ಕೊಡುವುದನ್ನು ಧರ್ಮವೆನ್ನಲಾಗದು.

ಸೂರಃ ಅನ್ನೂರ್‌ನಲ್ಲಿ ಪರರ ಮನೆಗೆ ಹೋಗುವ ಶಿಷ್ಟಾಚಾರವನ್ನು ಹೇಳಲಾಗಿದೆ. ಅನುಮತಿ ಕೇಳಬೇಕು, ಸಲಾಮ್ ಹೇಳಬೇಕು, ಹಿಂದಿರುಗಿ ಎಂದರೆ ಹಿಂದಿರುಗಬೇಕು. ಗಮನಿಸಬೇಕಾದದ್ದು, ಇಲ್ಲಿ ಹೊಣೆ ಹೊತ್ತವನು ಬಂದವನು. ಮನೆಯವರು ಗೋಡೆ ಎತ್ತರಿಸಿಕೊಳ್ಳಲಿ ಎಂದು ಹೇಳಿಲ್ಲ. ಕಟ್ಟೆಯ ಮೇಲಿನ ಹಿರಿಯರು "ಯಾವೂರಪ್ಪ ನಿಮ್ದು" ಎಂದು ಕೇಳಿದ್ದೂ ಇದೇ ಅರ್ಥದಲ್ಲಿ.

ಕಾನೂನು ಇಲ್ಲಿಯ ತನಕ ಬಂದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕಾನೂನಿನ ಕಟ್ಟುಪಾಡಿನಿಂದ ಸಾರ್ವಜನಿಕಗೊಂಡ ಮಾಹಿತಿಗೆ ತಾನು ಅನ್ವಯಿಸುವುದಿಲ್ಲ ಎನ್ನುತ್ತದೆ. ಸರಕಾರವೇ ಹಾಗೆ ಬಯಲಿಗಿಟ್ಟ ವಿಳಾಸಕ್ಕೆ ಈ ಕಾಯ್ದೆಯ ನೆರಳಿಲ್ಲ.

ನಾರ್ವೆಯಲ್ಲಿ ಪ್ರತಿಯೊಬ್ಬರ ಆದಾಯ, ತೆರಿಗೆಯ ವಿವರ ಸಾರ್ವಜನಿಕ. ನೆರೆಮನೆಯವರ ಸಂಪಾದನೆ ಇಣುಕಿ ನೋಡುವುದು ಅಲ್ಲಿ ಒಂದು ಚಟವೇ ಆಗಿತ್ತು. 2014ರಿಂದ, ಯಾರ ವಿವರ ನೋಡಲಾಯಿತೋ ಅವರಿಗೆ ನೋಡಿದವರ ಹೆಸರು ಗೊತ್ತಾಗುವಂತೆ ಮಾಡಿದರು. ಮಾಹಿತಿಯ ಬಾಗಿಲು ಮುಚ್ಚಲಿಲ್ಲ, ಆದರೂ ಹುಡುಕಾಟ ಒಮ್ಮೆಲೇ ಬಹಳ ಇಳಿಯಿತು. ಪಹಣಿಗೂ ಇದನ್ನು ಮಾಡಬಹುದು. ನೋಡುವವನು ತನ್ನ ಮೊಬೈಲ್ ಸಂಖ್ಯೆಯಿಂದ ಒಳಗೆ ಬರಲಿ, ಯಾರು ನೋಡಿದರೆಂಬ ಪುಟ ಜಮೀನಿನ ಒಡೆಯನಿಗೆ ತೆರೆದಿರಲಿ. ನ್ಯಾಯವಾದ ಕೆಲಸವಿರುವ ಬ್ಯಾಂಕಿನವರಿಗೆ, ವಕೀಲರಿಗೆ, ಕೊಳ್ಳುವವರಿಗೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಮುಂದಿನ ಸಲ ದಲ್ಲಾಳಿಯ ಕಾರು ಊರೊಳಗೆ ಬಂದಾಗ ಕೊತ್ತಗೆರೆಯ ರೈತನಿಗೆ ಅವನ ಹೆಸರು ಮೊದಲೇ ಗೊತ್ತಿರುತ್ತದೆ.