ಆಟೊ ಚಾಲಕ ತಲೆದೂಗಿದರೆ ಪಾಸು

ಮಗಳು ಪಬ್ಲಿಕ್ ಪಾಲಿಸಿ, ಅಂದರೆ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ ಎಂದರೆ ನೆಂಟರ ಮರುಪ್ರಶ್ನೆ ತಯಾರಾಗಿಯೇ ಇರುತ್ತದೆ: ‘ಓಹೋ, ಐಎಎಸ್ಸಾ?’ ಅಲ್ಲ ಎಂದರೆ ‘ಮತ್ತೆ ಇದನ್ನ ಓದಿ ಏನಾಗ್ತಾಳೆ?’ ಅಪ್ಪ ಅಮ್ಮನಿಗೂ ಇದಕ್ಕೆ ಸರಿಯಾದ ಉತ್ತರ ಗೊತ್ತಿರುವುದಿಲ್ಲ. ಮೊದಲ ಸೆಮಿಸ್ಟರ್ ಮುಗಿಯುವ ತನಕ ಮಗಳಿಗೂ ಗೊತ್ತಿರುವುದಿಲ್ಲ ಎನ್ನಿ.

ಬೆಂಗಳೂರಿಗೆ ಈ ಓದು ತೀರಾ ಹೊಸದಲ್ಲ. ಇಲ್ಲಿನ ಐಐಎಂ 2002ರಲ್ಲೇ ಮುಖ್ಯವಾಗಿ ಸರ್ಕಾರಿ ಅಧಿಕಾರಿಗಳಿಗೆಂದು ಇಂಥದೊಂದು ಕೋರ್ಸು ತೆರೆಯಿತು. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ 2014ರಲ್ಲಿ ಎರಡು ವರ್ಷದ ಪದವಿ ಶುರುಮಾಡಿತು. ಎಂಜಿನಿಯರಿಂಗ್ ಮುಗಿಸಿ ಬೇಸತ್ತವರು, ಪತ್ರಕರ್ತರು, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿದವರು, ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಎಡವಿದವರು, ಎಲ್ಲರೂ ಇಂಥ ತರಗತಿಗಳಲ್ಲಿ ಒಂದೇ ಬೆಂಚಿಗೆ ಬಂದು ಕೂರುತ್ತಾರೆ. ಲೆಕ್ಕ ಬಲ್ಲವರಿಗೆ ಸಂವಿಧಾನ ಗೊತ್ತಿಲ್ಲ, ಸಂವಿಧಾನ ಬಲ್ಲವರಿಗೆ ಸಂಖ್ಯಾಶಾಸ್ತ್ರ ಎಂದರೆ ಚಳಿಜ್ವರ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಕೋಣೆಗಳಲ್ಲಿ ಇವರು ಒಬ್ಬರಿಗೊಬ್ಬರು ಮೇಷ್ಟ್ರಾಗುತ್ತಾರೆ. ಈ ಕೋರ್ಸಿನಲ್ಲಿ ಕಲಿಕೆಯ ಅರ್ಧಪಾಲು ಅಲ್ಲೇ ನಡೆಯುತ್ತದೆ ಎಂಬುದು ನನ್ನ ಗುಮಾನಿ.

ಇನ್ನರ್ಧ ನಡೆಯುವುದು ಮೆಮೊ ಬರೆಯುವುದರಲ್ಲಿ. ಬಿ.ಎ.ಯಲ್ಲಿ ಹದಿನೈದು ಅಂಕದ ಪ್ರಶ್ನೆಗೆ ಎಂಟು ಪುಟ ತುಂಬಿಸಿ ಬಂದ ಹುಡುಗನಿಗೆ ಇಲ್ಲಿ ಎರಡೇ ಪುಟ. ಓದುವವರು ಮಂತ್ರಿ ಎಂದುಕೊಳ್ಳಬೇಕು. ಅವರಿಗಿರುವುದು ಐದು ನಿಮಿಷ. ‘ಇತಿಹಾಸ’, ‘ಹಿನ್ನೆಲೆ’ ಎಂದು ಶುರುಮಾಡಿದರೆ ಅಂಕ ಹೋಯಿತು. ಏನು ಮಾಡಬೇಕು, ಎಷ್ಟು ಖರ್ಚು, ಯಾರಿಗೆ ನೋವು ಎಂಬುದು ಮೊದಲ ಪುಟದಲ್ಲೇ ಬರಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1969ರಲ್ಲಿ ಶುರುವಾದ ಸಾರ್ವಜನಿಕ ನೀತಿ ಶಾಲೆಯಲ್ಲಂತೂ ಹೊಸ ವಿದ್ಯಾರ್ಥಿಗಳ ಕೈಗೆ ಒಂದು ಸಮಸ್ಯೆ ಕೊಟ್ಟು, 48 ಗಂಟೆಯೊಳಗೆ ವಿಶ್ಲೇಷಣೆ ಬರೆದು ತನ್ನಿ ಎನ್ನುವ ರೂಢಿ ಇದೆ.

ಆ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಯೂಜೀನ್ ಬಾರ್ಡಾಕ್ ಬರೆದ ಕೈಪಿಡಿಯನ್ನು ಈ ಕ್ಷೇತ್ರದ ವಿದ್ಯಾರ್ಥಿಗಳು ಎಲ್ಲೆಡೆ ಓದುತ್ತಾರೆ. ನೀತಿ ವಿಶ್ಲೇಷಣೆಗೆ ಅವರು ಹೇಳುವ ಎಂಟು ಹೆಜ್ಜೆಗಳಲ್ಲಿ ಮೊದಲನೆಯದೇ ಕಠಿಣ: ಸಮಸ್ಯೆ ಏನೆಂದು ಹೇಳುವುದು. ಪರಿಹಾರವನ್ನು ಸಮಸ್ಯೆಯೊಳಗೆ ತುರುಕಬೇಡಿ ಎಂದು ಅವರು ಎಚ್ಚರಿಸುತ್ತಾರೆ. ‘ಮನೆಯಿಲ್ಲದವರಿಗೆ ತಂಗುದಾಣ ಸಾಲದು’ ಎಂದರೆ ತಂಗುದಾಣ ಕಟ್ಟುವುದೊಂದೇ ದಾರಿ ಎಂದು ಆಗಲೇ ತೀರ್ಮಾನಿಸಿದಂತೆ. ‘ಬಹಳ ಕುಟುಂಬಗಳಿಗೆ ಮನೆಯಿಲ್ಲ’ ಎಂದರೆ ಹತ್ತು ದಾರಿ ತೆರೆದುಕೊಳ್ಳುತ್ತವೆ. ನಮ್ಮೂರಿನ ಮಾತಿಗೇ ಬನ್ನಿ. ‘ಊರಿಗೆ ಬಸ್ಸಿಲ್ಲ’ ಎಂದು ಮನವಿಪತ್ರ ಬರೆಯುತ್ತೇವೆ. ನಿಜವಾದ ಸಂಕಟ, ಏಳನೇ ತರಗತಿ ಮುಗಿಸಿದ ಹುಡುಗಿಗೆ ಪಕ್ಕದೂರಿನ ಹೈಸ್ಕೂಲಿಗೆ ಹೋಗಲಾಗುತ್ತಿಲ್ಲ ಎಂಬುದು. ಹಾಗೆ ಹೇಳಿದ ಕೂಡಲೇ ಬಸ್ಸು, ಹಾಸ್ಟೆಲು, ಊರಲ್ಲೇ ಒಂದು ಶಾಲೆ, ಸೈಕಲ್ಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕರ್ನಾಟಕ 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡತೊಡಗಿದ್ದು ಇಂಥದೊಂದು ಯೋಚನೆಯಿಂದಲೇ.

ಬಾರ್ಡಾಕ್ ಅವರದ್ದೇ ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯಲ್ಲಿ ಕೂತಿದ್ದೀರಿ, ನೀವು ಏನನ್ನು ವಿಶ್ಲೇಷಿಸುತ್ತಿದ್ದೀರಿ ಎಂದು ಚಾಲಕ ಕೇಳುತ್ತಾನೆ. ಒಂದು ನಿಮಿಷದಲ್ಲಿ ಅವನಿಗೆ ಅರ್ಥವಾಗುವಂತೆ ಹೇಳಲಾಗದಿದ್ದರೆ ವಿಷಯ ನಿಮಗೇ ಅರ್ಥವಾಗಿಲ್ಲ. ಬೆಂಗಳೂರಿನ ವಿದ್ಯಾರ್ಥಿಗಳಿಗೆ ಇದನ್ನು ವಿಜಯನಗರದ ಆಟೊದಲ್ಲಿ, ಕನ್ನಡದಲ್ಲಿ ನಡೆಸಬೇಕು. ಎಷ್ಟು ಜನ ಪಾಸಾದಾರು? ಚೆನ್ನೈ, ದೆಹಲಿಗಳಿಂದ ಬಂದವರಷ್ಟೇ ಅಲ್ಲ, ಜಯನಗರದಲ್ಲೇ ಹುಟ್ಟಿ ಬೆಳೆದವರೂ ತಡವರಿಸುತ್ತಾರೆ.

ಈ ಶಿಕ್ಷಣಕ್ಕೆ ತನ್ನ ಮಿತಿ ಗೊತ್ತಿಲ್ಲ ಎನ್ನುವಂತಿಲ್ಲ. ಬರ್ಕ್ಲಿಯ ನೆರೆಯಲ್ಲೇ ಓಕ್ಲೆಂಡ್ ನಗರ. 1966ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಅಲ್ಲಿನ ನಿರುದ್ಯೋಗಿಗಳಿಗೆಂದು 2.3 ಕೋಟಿ ಡಾಲರ್‌ಗಳ ಯೋಜನೆ ಘೋಷಿಸಿತು. ವಿಮಾನಗಳಿಗೆ ಹ್ಯಾಂಗರು, ಬಂದರಿಗೆ ಟರ್ಮಿನಲ್ಲು, ಸುಮಾರು 3,000 ಕೆಲಸ. ಮೂರು ವರ್ಷದ ನಂತರ ನೋಡಿದರೆ ಖರ್ಚಾಗಿದ್ದು ಸುಮಾರು 30 ಲಕ್ಷ ಡಾಲರ್; ಅದರಲ್ಲೂ ದೊಡ್ಡ ಪಾಲು ಒಂದು ಮೇಲ್ಸೇತುವೆಗೆ, ನಕ್ಷೆ ಬರೆದವರ ಸಂಭಾವನೆಗೆ. ಕೆಲಸ ಸಿಕ್ಕವರು ಬೆರಳೆಣಿಕೆಗಿಂತ ತುಸು ಹೆಚ್ಚು. ವಿಚಿತ್ರವೆಂದರೆ ಯೋಜನೆಯನ್ನು ಯಾರೂ ವಿರೋಧಿಸಿರಲಿಲ್ಲ, ದೊಡ್ಡ ಹಗರಣವೂ ನಡೆದಿರಲಿಲ್ಲ. ಬರ್ಕ್ಲಿ ಶಾಲೆಯ ಮೊದಲ ಡೀನ್ ಆರನ್ ವಿಲ್ಡಾವ್‌ಸ್ಕಿ ಮತ್ತು ಜೆಫ್ರಿ ಪ್ರೆಸ್‌ಮನ್ 1973ರಲ್ಲಿ ಈ ಕಥೆಯನ್ನು ಪುಸ್ತಕ ಮಾಡಿದರು. ಯೋಜನೆ ಮುಗಿಯಲು ಬೇರೆ ಬೇರೆ ಕಚೇರಿ, ಕಂಪನಿಗಳಿಂದ 70 ಒಪ್ಪಿಗೆಗಳು ಬೇಕಿದ್ದವೆಂದು ಅವರು ಎಣಿಸಿ ತೋರಿಸಿದರು. ಪ್ರತಿ ಒಪ್ಪಿಗೆ ಸಿಗುವ ಸಾಧ್ಯತೆ ಶೇ 99 ಇದ್ದರೂ 70 ಬಾಗಿಲು ದಾಟುವ ಹೊತ್ತಿಗೆ ಯೋಜನೆ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಶೇ 95 ಎಂದಿಟ್ಟುಕೊಳ್ಳಿ, ಶೇ 3 ಕೂಡ ಉಳಿಯುವುದಿಲ್ಲ. ಕ್ಯಾಲ್ಕ್ಯುಲೇಟರ್ ಇದ್ದವರು ಈಗಲೇ ಗುಣಿಸಿ ನೋಡಬಹುದು.

ನಮ್ಮ ಎಂಟನೇ ತರಗತಿಯ ಸೈಕಲ್ಲಿಗೂ ಇದೇ ಲೆಕ್ಕ ಹಾಕಿ. ಶಾಲೆಯಿಂದ ಮಕ್ಕಳ ಪಟ್ಟಿ, ಬಿಇಒ ಕಚೇರಿ, ಇಲಾಖೆ, ಹಣಕಾಸಿನ ಒಪ್ಪಿಗೆ, ಟೆಂಡರು, ಸರಬರಾಜು, ಬಿಡಿಭಾಗಗಳ ಜೋಡಣೆ, ಸಾಗಣೆ. ಒಂದು ಕಡೆ ತಡವಾದರೂ ಸೈಕಲ್ ಬರುವಾಗ ವರ್ಷದ ಕೊನೆಯ ಪರೀಕ್ಷೆ ಹತ್ತಿರವಾಗಿರುತ್ತಿತ್ತು. ಇಂಥ ತಡಕ್ಕೆ ನಾವು ‘ಭ್ರಷ್ಟಾಚಾರ’ ಎಂದು ಒಂದೇ ಮಾತಿನಲ್ಲಿ ಷರಾ ಬರೆದುಬಿಡುತ್ತೇವೆ. ಅದೂ ಇದ್ದೀತು. ಆದರೆ ಎಲ್ಲರೂ ಪ್ರಾಮಾಣಿಕರಾಗಿದ್ದಾಗಲೂ ಕೆಲಸ ಕೆಡುವುದು ಹೇಗೆ ಎಂಬುದನ್ನು ಬಿಡಿಸಿ ತೋರಿಸುವುದೇ ಈ ಓದಿನ ನಿಜವಾದ ಗಳಿಕೆ.

ತರಗತಿಯ ಹೊರಗೆ ಹೋಗದೆ ಆ 70 ಬಾಗಿಲು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಒಂದು ತಮಾಷೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಇಂಗ್ಲಿಷ್ ಚರ್ಚೆಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತಾನೆ. ಕ್ಷೇತ್ರಕಾರ್ಯಕ್ಕೆ ಗ್ರಾಮ ಪಂಚಾಯಿತಿಗೆ ಹೋದ ದಿನ ನಡಾವಳಿ ಪುಸ್ತಕ ತೆರೆದು ಓದಬಲ್ಲವನು ಅವನೊಬ್ಬನೇ. ಕಡತದ ಷರಾ, ಗ್ರಾಮಸಭೆಯ ಜಗಳ, ಪಿಡಿಒ ಅರ್ಧ ಹೇಳಿ ಅರ್ಧ ನುಂಗಿದ ಮಾತು, ಇವೆಲ್ಲ ಅವನಿಗೇ ತಿಳಿಯುತ್ತವೆ. ಅಂಕಪಟ್ಟಿಯಲ್ಲಿ ಇದಕ್ಕೆ ಸರಿಯಾದ ಜಾಗವಿಲ್ಲದಿರುವುದು ದೊಡ್ಡ ಕೊರತೆ. ಕರ್ನಾಟಕದ ನೀತಿಯನ್ನು ಅಧ್ಯಯನ ಮಾಡುವವರು ಕರ್ನಾಟಕದ ಕಡತ ಓದಲು ಬಾರದೆ ಪದವಿ ಪಡೆಯುವುದು ಸರಿಯಲ್ಲ.

ಇದನ್ನು ಓದುತ್ತಿರುವವರಲ್ಲಿ ಪಿಡಿಒಗಳು, ಮುಖ್ಯಶಿಕ್ಷಕರು, ತಾಲ್ಲೂಕು ಕಚೇರಿಯ ಗುಮಾಸ್ತರು ಇದ್ದೀರಿ. ಬ್ಯಾಗು ನೇತುಹಾಕಿಕೊಂಡ ಇಂಥ ಹುಡುಗ ಹುಡುಗಿಯರು ನಿಮ್ಮಲ್ಲಿಗೆ ಬಂದರೆ ಕಾಫಿ ಕೊಟ್ಟು, ಬಣ್ಣ ಬಳಿದ ಮಾದರಿ ಅಂಗನವಾಡಿ ತೋರಿಸಿ ಸಾಗಹಾಕಬೇಡಿ. ಒಂದು ಕುರ್ಚಿ ಹಾಕಿ, ಬಾಕಿ ಉಳಿದ ಅರ್ಜಿಗಳ ಕಟ್ಟು ಅವರ ಮುಂದಿಡಿ, ಸಂಜೆಯವರೆಗೆ ಕೂತು ಓದಲಿ. ಕನ್ನಡ ಬಾರದಿದ್ದರೆ ಕಲಿತು ಮತ್ತೆ ಬನ್ನಿ ಎಂದು ಹೇಳಿ ಕಳಿಸಿ.